ಮೇಲಿನ ಒಂದು ಡಾಲರ್

ರೆಂಟನ್
ಮಾರ್ಚ್ 18, 2024

ಅಮೆರಿಕದ ವಾಯವ್ಯ ದಿಕ್ಕಿನ ಸಮಸ್ತ ಫೀಸು ಜಗಳಗಳ ಅಧಿಪತಿಯಾದ ಶ್ರೀಪತಿಗೆ,

ವಿಶಾಲಾಕ್ಷಿ ಮಾಡುವ ಸಾಷ್ಟಾಂಗ. ಮಂಡಿ ನೋವಿನಿಂದಾಗಿ ಸಾಷ್ಟಾಂಗವನ್ನು ಕೂತಲ್ಲಿಂದಲೇ ಸ್ವೀಕರಿಸಬೇಕು.

ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನಾನು ಕೃತಜ್ಞತೆ ಅಂತ ಬಾಯಿ ತೆರೆದರೆ ನೀನು "ಏನೇ ಇದು ನಾಟಕ" ಅಂತೀಯ. ಕಾಗದದಲ್ಲಾದರೆ ನೀನು ನಡುವೆ ಬಾಯಿ ಹಾಕೋಕಾಗಲ್ಲ. ಅಲ್ಲದೆ ಗೆದ್ದವರಿಗೆ ಕಥೆಯನ್ನು ಇನ್ನೊಂದು ಸಲ ಹೇಳೋ ಹಕ್ಕಿದೆ.

ಛಾವಣಿ ಸೋರುತ್ತೆ ಅಂತ ನಾನು ಕಾಂಟ್ರಾಕ್ಟರ್ ಮೇಲೆ ಕೇಸು ಹಾಕಿದೆ. ನನ್ನ ಮೊದಲ ವಕೀಲ ನಲವತ್ತು ಸಾವಿರ ಡಾಲರ್ ಗೆಲ್ಲಿಸಿಕೊಟ್ಟು, ಅರವತ್ತೊಂದು ಸಾವಿರಕ್ಕೆ ಬಿಲ್ಲು ಕಳಿಸಿದ. ಮೂವತ್ತು ವರ್ಷ ವಿಮಾನದ ರೆಕ್ಕೆ ಎಷ್ಟು ಬಾಗಿದರೆ ಮುರಿಯುತ್ತೆ ಅಂತ ಲೆಕ್ಕ ಹಾಕಿ ರಿಟೈರ್ ಆದವಳು ನಾನು. ಈ ಲೆಕ್ಕ ಮಾತ್ರ ಬಗೆಹರಿಯಲಿಲ್ಲ. ಆಗ ಬಂದೆ ನೀನು. ವಕೀಲರು ಜಗಳ ಬಿಡಿಸೋದು ಕೇಳಿದ್ದೆ, ವಕೀಲರ ಫೀಸಿನ ಜಗಳ ಬಿಡಿಸೋಕೇ ಅಂತ ಬೇರೆ ಜಾತಿಯ ವಕೀಲರಿದ್ದಾರೆ. ಅವರಲ್ಲಿ ನೀನು ಈ ಸೀಮೆಗೇ ಮೊದಲ ಹತ್ತರಲ್ಲಿ ಒಬ್ಬ ಅಂತ ಪತ್ರಿಕೆಯವರು ಕೊಟ್ಟ ಫಲಕವನ್ನು ನಿನ್ನ ಆಫೀಸಿನಲ್ಲಿ ಇಪ್ಪತ್ತು ಸಲ ನೋಡಿದ್ದೆ, ಅದು ಉಪಯೋಗಕ್ಕೆ ಬರುತ್ತೆ ಅಂತ ಮಾತ್ರ ಗೊತ್ತಿರಲಿಲ್ಲ.

ನಾನು "ಥ್ಯಾಂಕ್ಸ್" ಅಂತ ಕಳಿಸಿದ ಈಮೇಲ್ ಓದಿದ್ದಕ್ಕೆ ಆ ಪುಣ್ಯಾತ್ಮ ಬಿಲ್ಲಿನಲ್ಲಿ ಆರು ನಿಮಿಷ ಹಾಕಿದ್ದನಲ್ಲ. "ಇಂಗ್ಲಿಷಿನಲ್ಲಿ ಆ ಪದಕ್ಕೆ ಆರು ಅಕ್ಷರ, ಅಕ್ಷರಕ್ಕೊಂದು ನಿಮಿಷವೇ?" ಅಂತ ನೀನು ಕೇಳಿದಾಗ ಅವನ ಮುಖ ನೋಡಬೇಕಿತ್ತು. ಅರವತ್ತೊಂದು ಇಪ್ಪತ್ತೆರಡಕ್ಕೆ ಇಳಿಯಿತು. ಮೂವತ್ತೊಂಬತ್ತು ಸಾವಿರ ಉಳಿಯಿತು.

ನಿನ್ನ ಫೀಸು ಎಷ್ಟೋ ಅಂತ ಮೂರು ಸಲ ಕೇಳಿದೆ. ಮೂರು ಸಲವೂ ನೀನು "ಅದೆಲ್ಲ ಯಾಕೆ, ನಿನಗೆ ತೋಚಿದಷ್ಟು ಕೊಡು" ಅಂದೆ. ಫೀಸು ಎಷ್ಟು ಅಂತ ಬರೆಸಿಕೊಳ್ಳದೆ ವಕೀಲನ ಎದುರು ಕೂರಲೂಬೇಡಿ ಅಂತ ಊರಿಗೆಲ್ಲ ಭಾಷಣ ಮಾಡೋನು, ನನ್ನ ಹತ್ತಿರ ಒಂದು ಚೀಟಿ ಬರೆಸಿಕೊಳ್ಳಲಿಲ್ಲ. ನನಗೆ ತೋಚಿದ್ದನ್ನು ಶನಿವಾರ ತಟ್ಟೆಯಲ್ಲಿಟ್ಟು ಕೊಟ್ಟಿದ್ದೀನಿ. ವೀಳ್ಯದೆಲೆ ಬಾಡಿತ್ತು, ಅಂಗಡಿಯವನ ತಪ್ಪು. ಲಕೋಟೆಯಲ್ಲಿ ಸಾವಿರ, ಮೇಲೆ ಅಂಟಿಸಿದ ಒಂದು ಡಾಲರ್ ನಾಣ್ಯ. ಆ ಒಂದನ್ನು ಮರೆತಿಲ್ಲ ನೋಡು. ನಿಮ್ಮಮ್ಮ ಇಲ್ಲಿಗೆ ಬಂದಿದ್ದಾಗ ಹೇಳಿಕೊಟ್ಟಿದ್ದು: ಮೇಲೊಂದು ಇಟ್ಟರೆ ಕೊಟ್ಟವರಿಗೂ ತಗೊಂಡವರಿಗೂ ಸಂಬಂಧ ಮುಂದುವರಿಯುತ್ತೆ, ಸೊನ್ನೆಯಲ್ಲಿ ಮುಗಿಯೋ ದುಡ್ಡು ಸಾವಿನ ಮನೆಗೆ ಮಾತ್ರ.

ಒಣಗಿದ ಛಾವಣಿಯ ಕೆಳಗಿನಿಂದ,
ವಿಶಾಲೂ


ಫ್ರೀಮಾಂಟ್
ಏಪ್ರಿಲ್ 22, 2024

ವಿಶಾಲೂ,

ನಿನ್ನ ಕಾಗದಕ್ಕೆ ತಡವಾಗಿ ಉತ್ತರಿಸ್ತಿದ್ದೀನಿ. ಮಧ್ಯೆ ಯುಗಾದಿ ಬಂತು.

ಯುಗಾದಿ ಊಟದ ದಿನ ನೀನು ಮೈಕ್ ಹಿಡಿದದ್ದು ನೋಡಿ ದೇವರನಾಮ ಇರಬೇಕು ಅಂದುಕೊಂಡೆ. ಇನ್ನೂರು ಜನರೆದುರು ನೀನು ಹಾಡಿದ್ದು ನನ್ನನ್ನು. "ಮೂವತ್ತೊಂಬತ್ತು ಸಾವಿರ ಉಳಿಸಿಕೊಟ್ಟ. ಎಷ್ಟಕ್ಕೆ ಗೊತ್ತಾ? ಸಾವಿರದ ಒಂದಕ್ಕೆ! ತೆಂಗಿನಕಾಯಿ ಸೇರಿ!" ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಕೈಯಲ್ಲಿ ಒಬ್ಬಟ್ಟಿತ್ತು, ತುಪ್ಪ ಅಂಗಿಗೆ ಸಿಡಿಯಿತು.

ಮಂಗಳವಾರ ಸೋಮಲಿಂಗಪ್ಪ ಆಫೀಸಿಗೆ ಬಂದರು. ಮಗನ ಡೈವೋರ್ಸ್ ವಕೀಲ ಎಂಬತ್ತು ಸಾವಿರಕ್ಕೆ ಬಿಲ್ಲು ಕಳಿಸಿದ್ದಾನಂತೆ. ಮೇಜಿನ ಮೇಲೆ ಫೈಲು ಇಡೋದಕ್ಕೆ ಮೊದಲು ತೆಂಗಿನಕಾಯಿ ಇಟ್ಟರು. "ಕೂತ್ಕೊಳ್ಳಿ, ಫೀಸಿನ ವಿಷಯ ಮೊದಲು ಮಾತಾಡೋಣ" ಅಂದೆ. "ಮಾತಾಡೋದೇನು ಸ್ವಾಮಿ, ರೇಟು ಗೊತ್ತಿದೆಯಲ್ಲ" ಅಂದರು. ಗುರುವಾರ ಇನ್ನಿಬ್ಬರು ಬಂದರು. ಈಗ ನನ್ನ ಮೇಜಿನ ಡ್ರಾಯರಿನಲ್ಲಿ ಮೂರು ತೆಂಗಿನಕಾಯಿ ಉರುಳಾಡ್ತಿವೆ. ಹೊರಗೆ ಕೂರುವ ಹುಡುಗಿ ಇದು ನಮ್ಮ ಧರ್ಮದಲ್ಲಿ ಕೋರ್ಟ್ ಫೀಸೇ ಅಂತ ಬಹಳ ಗೌರವದಿಂದ ಕೇಳಿದಳು. ಮೊನ್ನೆ ದೇವಸ್ಥಾನದಲ್ಲಿ ಯಾರೋ ಯಾರಿಗೋ ನನ್ನ ಪರಿಚಯ ಮಾಡಿಕೊಟ್ಟರು: "ಇವರೇ ಆ ಸಾವಿರದೊಂದು ವಕೀಲರು."

ತೋಚಿದಷ್ಟು ಕೊಡು ಅಂದದ್ದು ನಿಜ. ಆದರೆ ಆ ಮಾತು ಇರೋದೇ ಹಾಗೆ ಕಣೇ. "ಊಟ ಆಯ್ತಾ" ಅಂತ ಕೇಳಿದರೆ "ಇಲ್ಲ, ಎಲೆ ಹಾಕಿ" ಅಂತ ಯಾರಾದರೂ ಕೂತುಬಿಡ್ತಾರಾ? ತೋಚಬೇಕಾದ್ದು ತೋಚುತ್ತೆ ಅಂತ ಒಂದು ನಂಬಿಕೆಯ ಮೇಲೆ ಹೇಳೋ ಮಾತದು.

ಮುಂದಿನ ವಾರ ಆಫೀಸಿನಿಂದ ನಿನಗೊಂದು ಬಿಲ್ಲು ಬರುತ್ತೆ. ಗಾಬರಿಯಾಗಬೇಡ. ಎಷ್ಟು ಕೆಲಸ ಅಂತ ನಿನಗೆ ಗೊತ್ತಾಗಲಿ ಅಂತ, ಅಷ್ಟೇ.

ತುಪ್ಪದ ಕಲೆ ಹೋಗದ ಅಂಗಿಯ
ಶ್ರೀಪತಿ


ರೆಂಟನ್
ಮೇ 6, 2024

ಗಂಟೆಗೆ ನಾನೂರು ಡಾಲರಿನ ಶ್ರೀಪತಿಗೆ,

ಬಿಲ್ಲು ಬಂತು. ಗೊತ್ತಾಯ್ತು. ಗೊತ್ತಾಗಲಿ ಅಂತ ತಾನೆ ಕಳಿಸಿದ್ದು?

ಮೂವತ್ತೈದು ಪಾಯಿಂಟ್ ಏಳು ಗಂಟೆ. ಒಟ್ಟು ಹದಿನಾಲ್ಕು ಸಾವಿರದ ಇನ್ನೂರ ಎಂಬತ್ತು. ಅದರಲ್ಲಿ ಸಂದಾಯ ಸಾವಿರದ ಒಂದು. ನನ್ನ ತಾಂಬೂಲದ ತಟ್ಟೆಯನ್ನು ನಿನ್ನ ಲೆಕ್ಕದವರು "ಸಂದಾಯ" ಅಂತ ಒಂದು ಗೆರೆಯಲ್ಲಿ ಮುಗಿಸಿದ್ದಾರೆ. ತೆಂಗಿನಕಾಯಿ ಎಲ್ಲೂ ಜಮಾ ಆಗಿಲ್ಲ, ವಿಚಾರಿಸು. ಗೊತ್ತಾಗಲಿ ಅಂತಷ್ಟೇ ಕಳಿಸಿದ ಬಿಲ್ಲಿನ ಕೆಳಗೆ "ಮೂವತ್ತು ದಿನದೊಳಗೆ ಪಾವತಿಸಿ" ಅಂತ ಕೆಂಪಕ್ಷರ ಯಾಕಿದೆ ಅಂತಲೂ ವಿಚಾರಿಸು.

ಫೆಬ್ರವರಿ ಹತ್ತು: "ಕಕ್ಷಿದಾರರೊಂದಿಗೆ ಸಮಾಲೋಚನೆ, ಒಂದು ಪಾಯಿಂಟ್ ಒಂಬತ್ತು ಗಂಟೆ." ಅವತ್ತು ಶನಿವಾರ, ಮಹಾರಾಯ. ನೀನು ನಮ್ಮನೆಯಲ್ಲಿ ಬಸ್ಸಾರಿನ ಜೊತೆ ಸಮಾಲೋಚನೆ ಮಾಡಿದೆ. ಮೂರು ಮುದ್ದೆ ನುಂಗಿದೆ. ಕೇಸಿನ ಮಾತು ಬಂದದ್ದು ನೀನು ಕೈ ತೊಳೆಯುವಾಗ. ಇಂಥ ಶನಿವಾರ ಮೂರಿವೆ. ನನ್ನ ಮುದ್ದೆ ತಿಂದದ್ದಕ್ಕೆ ನನಗೇ ಎರಡು ಸಾವಿರದ ಇನ್ನೂರ ಎಂಬತ್ತು ಡಾಲರ್.

ಸರಿ, ನಂದೂ ಒಂದು ಬಿಲ್ಲು ತಗೋ. ಮುದ್ದೆ ತಿರುವಿದ್ದು, ಪಾಯಿಂಟ್ ನಾಲ್ಕು ಗಂಟೆ, ತೋಳುನೋವು ಬೇರೆ. 1991ರಲ್ಲಿ ವಕೀಲಿ ಪರೀಕ್ಷೆಗೆ ನಿನ್ನಿಂದ ಪಾಠ ಒಪ್ಪಿಸಿಕೊಂಡದ್ದು, ಅರವತ್ತು ಸಂಜೆ. ಉತ್ತರ ಗೊತ್ತಿಲ್ಲದಾಗಲೆಲ್ಲ ನೀನು ಕನ್ನಡಕ ಒರೆಸಿಕೊಳ್ತಾ ಕಳೆದ ಹೊತ್ತೇ ಹತ್ತು ಗಂಟೆ ಆಗುತ್ತೆ, ಅದನ್ನು ಬಿಟ್ಟಿದ್ದೀನಿ. 1994ರಲ್ಲಿ ನಿನ್ನ ಹೆಂಡತಿ ರಂಜಿನಿಯ ಬಾಣಂತನ. ಇಬ್ಬರು ಅಜ್ಜಿಯರಿಗೂ ವೀಸಾ ಸಿಗಲಿಲ್ಲ ಅಂತ ಪ್ಲಾಂಟಿಗೆ ರಜಾ ಹಾಕಿ ನಾನು ಮಾಡಿದ್ದು. ನಲವತ್ತೊಂದು ದಿನ, ದಿನಕ್ಕೆ ಹತ್ತು ಗಂಟೆ, ಎಣ್ಣೆ ಸೀಗೆಕಾಯಿ ಖರ್ಚು ಪ್ರತ್ಯೇಕ. ನಿಮ್ಮ ಕೂಸು ಗ್ರೀಷ್ಮಾ ರಾತ್ರಿಯಿಡೀ ಅತ್ತದ್ದಕ್ಕೆ ಓವರ್‌ಟೈಮ್.

ನಿನ್ನ ಫೀಸು ನ್ಯಾಯವಾದದ್ದೇ ಬಿಡಪ್ಪ. ಒಂದು ಸೆಂಟೂ ಜಾಸ್ತಿಯಿಲ್ಲ. ಕೊಡಲೇಬೇಕಾದ್ದು. ಇಲ್ಲದಿದ್ದರೆ ಪಾಪ, ವುಡಿನ್‌ವಿಲ್‌ನ ನಾಲ್ಕು ಬೆಡ್‌ರೂಮಿನ ಮನೆಯಲ್ಲಿ ನೀವೆಲ್ಲ ಉಪವಾಸ ಬೀಳ್ತೀರ.

ನಿನ್ನ ಸಾಲಗಾರ್ತಿ,
ವಿಶಾಲೂ


ಫ್ರೀಮಾಂಟ್
ಜೂನ್ 12, 2024

ಮಾನ್ಯ ವಿಶಾಲಾಕ್ಷಿ ಅವರಿಗೆ,

ತಮ್ಮ ಮೇ 6ರ ಪತ್ರ ತಲುಪಿದೆ. ಗಡುವು ಮುಗಿದರೂ ಬಾಕಿ ಸಂದಿಲ್ಲ. ಆದ್ದರಿಂದ ವಿಷಯವನ್ನು ಫೀಸು ಮಧ್ಯಸ್ಥಿಕೆಗೆ ಒಪ್ಪಿಸಲು ಇಚ್ಛಿಸಿದ್ದೇನೆ. ಇದರೊಂದಿಗಿರುವ ಕಾಗದಕ್ಕೆ ತಾವೂ ಸಹಿ ಹಾಕಿದರೆ ಒಬ್ಬ ಮಧ್ಯಸ್ಥರು ಇಬ್ಬರ ಮಾತೂ ಕೇಳಿ ತೀರ್ಮಾನ ಕೊಡುತ್ತಾರೆ. ಕೋರ್ಟಿನ ಖರ್ಚು ಇಬ್ಬರಿಗೂ ಉಳಿಯುತ್ತದೆ.

ಇಲ್ಲಿಗೆ ಆಫೀಸಿನ ಕಾಗದ ಮುಗಿಯಿತು. ಕೆಳಗಿನದು ನನ್ನದು. ಇದಕ್ಕೆ ಆರು ನಿಮಿಷ ಹಾಕಿಲ್ಲ.

ಆ ಮೊದಲ ವಕೀಲನಿಗೆ ನೀನು ಸಹಿ ಹಾಕಿಕೊಟ್ಟ ಒಪ್ಪಂದ ನನ್ನ ಫೈಲಿನಲ್ಲಿದೆ. ಗಂಟೆಗೆ ಐನೂರೈವತ್ತು. ಅಂಚಿನಲ್ಲಿ ಒಂದು ಪೆನ್ಸಿಲ್ ಗೀಟಿಲ್ಲ, ಒಂದು ಪ್ರಶ್ನೆಯಿಲ್ಲ. ಸಂತೆಯಲ್ಲಿ ಕೊತ್ತಂಬರಿ ಸೊಪ್ಪಿಗೂ ಚೌಕಾಸಿ ಮಾಡುವವಳು ನೀನು. ಅವನು ಬಿಳಿಯ, ಅವನ ಕುರ್ಚಿ ಚರ್ಮದ್ದು, ಆದ್ದರಿಂದ ಅವನು ಕೇಳಿದ್ದೇ ರೇಟು. ನಾನು ನಿನ್ನ ಅಡುಗೆಮನೆಯಲ್ಲಿ ಉಂಡವನು, ಆದ್ದರಿಂದ ನನಗೆ ತೆಂಗಿನಕಾಯಿ. ಸಾವಿರದ ಒಂದು ಕೊಟ್ಟದ್ದಕ್ಕೆ ನನಗೆ ಬೇಜಾರಿಲ್ಲ ವಿಶಾಲೂ. ಅದನ್ನು ಮೈಕಿನಲ್ಲಿ ಸಾಧನೆ ಅಂತ ಹೇಳಿಕೊಂಡೆಯಲ್ಲ, ಅದಕ್ಕೆ.

ರಂಜಿನಿ ನಿನ್ನ ಕಾಗದ ಓದಿದಳು. ಬಾಣಂತನಕ್ಕೆ ದಿನಗೂಲಿ ಹಾಕಿದ ಸಾಲಿಗೆ ಬಂದವಳು ಎದ್ದು ಒಳಗೆ ಹೋದಳು. ಅದೊಂದನ್ನು ನೀನು ಬರೆಯಬಾರದಿತ್ತು.

ಇಂತು,
ಶ್ರೀಪತಿ


ರೆಂಟನ್
ಸೆಪ್ಟೆಂಬರ್ 12, 2024

ಶ್ರೀಪತಿ,

ಮಧ್ಯಸ್ಥಿಕೆಯ ಕಾಗದಕ್ಕೆ ಸಹಿ ಹಾಕಿ ಕಳಿಸಿದ್ದೆನಲ್ಲ, ಅಂಚಿನಲ್ಲಿ ಪೆನ್ಸಿಲಿನಿಂದ ಒಂದು ಗೀಟು ಎಳೆದಿದ್ದೆ. ನೋಡಿದೆಯಾ? ನಿನಗೋಸ್ಕರವೇ ಎಳೆದದ್ದು.

ನೀನು ಬರೆದ ಬಿಳಿಯನ ಮಾತು ಇಡೀ ಬೇಸಿಗೆ ನನ್ನನ್ನು ಬಿಡಲಿಲ್ಲ. ಅಲ್ಲ ಅನ್ನೋಣ ಅಂತ ಎಷ್ಟು ಸಲ ಬಾಯಿ ತೆರೆದರೂ ಅಲ್ಲ ಅನ್ನೋದು ಬರಲಿಲ್ಲ. ರಂಜಿನಿಗೆ ಮೂರು ಸಲ ಕಾಲ್ ಮಾಡಿದೆ, ಎತ್ತಲಿಲ್ಲ. ಕೊನೆಗೆ ನಿಮ್ಮಿಬ್ಬರಿಗೂ ತಪ್ಪಾಯ್ತು ಅಂತ ಬರೆಯೋಕೆ ಕೂತೆ. ಮೊದಲ ಸಾಲು ಬರೆದಿದ್ದೆ ಕೂಡ. ಬಾಗಿಲು ಸದ್ದಾಯ್ತು. ನಿನ್ನ ಪೊಟ್ಟಣ.

ನೀನು ಮಧ್ಯಸ್ಥರ ಮುಂದೆ ಇಡೋ ದಾಖಲೆಗಳಂತೆ. ಒಂಬತ್ತನೆಯದು ನನ್ನ ಮೇ ತಿಂಗಳ ಕಾಗದ. ಜೊತೆಗೆ ಕವನಾ ಅನ್ನೋ ಸರ್ಟಿಫೈಡ್ ಅನುವಾದಕಿ ಮಾಡಿದ ಇಂಗ್ಲಿಷು. ಪಾಪ, ಇಲ್ಲೇ ಹುಟ್ಟಿದ ಹುಡುಗಿ ಇರಬೇಕು. ಬಾಣಂತನ "ಪ್ರಸವೋತ್ತರ ವೃತ್ತಿಪರ ಸೇವೆ" ಆಗಿದೆ. ನನ್ನ "ನ್ಯಾಯವಾದದ್ದೇ ಬಿಡಪ್ಪ" ಅನ್ನೋದು "ತಂದೆಯೇ, ಈ ಫೀಸು ನ್ಯಾಯಯುತವಾಗಿದೆ" ಅಂತ ಆಗಿದೆ. ನಾನು ಯಾವುದೋ ಚರ್ಚಿನಲ್ಲಿ ಮಂಡಿಯೂರಿ ಪಾಪ ಒಪ್ಪಿಕೊಳ್ತಿರೋ ಹಾಗಿದೆ. ಓದಿ ಮೊದಲು ನಕ್ಕೆ. ನಿನಗೆ ಫೋನ್ ಮಾಡಿ ಹೇಳೋಣ ಅಂತ ಫೋನ್ ಎತ್ತಿದೆ. ಆಮೇಲೆ ಕೆಳಗೆ ಹಳದಿ ಬಣ್ಣ ಬಳಿದದ್ದು ನೋಡಿದೆ. "ಒಂದು ಸೆಂಟೂ ಜಾಸ್ತಿಯಿಲ್ಲ. ಕೊಡಲೇಬೇಕಾದ್ದು." ಪಕ್ಕದಲ್ಲಿ ನಿನ್ನ ಕೈಬರಹ: ಕಕ್ಷಿದಾರರ ತಪ್ಪೊಪ್ಪಿಗೆ.

ನಿನಗೆ ಗೊತ್ತು ಅದು ಏನು ಅಂತ. ನಲವತ್ತು ವರ್ಷದಿಂದ ನಾನು ನಿನ್ನನ್ನು ಹೀಗೇ ಆಡಿಕೊಂಡಿದ್ದೀನಿ, ನೀನು ನನ್ನನ್ನು ಹೀಗೇ ಆಡಿಕೊಂಡಿದ್ದೀಯ.

ಹತ್ತೊಂಬತ್ತನೇ ತಾರೀಖು ವಿಚಾರಣೆ. ಆ ಕೋಣೆಯಲ್ಲಿ ಕನ್ನಡ ಬರೋರು ನಾವಿಬ್ಬರೇ. ನಾನು ತಮಾಷೆ ಅಂದರೆ ಅವರು ನಂಬಲ್ಲ, ದುಡ್ಡು ಉಳಿಸಿಕೊಳ್ಳೋಕೆ ಹೇಳ್ತಾಳೆ ಅಂತಾರೆ. ನೀನು ಅಂದರೆ ನಂಬ್ತಾರೆ. ನಿನ್ನ ಗಂಟೆಗಳ ಬಗ್ಗೆ ಎಷ್ಟು ಬೇಕಾದರೂ ವಾದ ಮಾಡು, ಗೆದ್ದುಕೋ, ಕೊಡ್ತೀನಿ. ಈ ಒಂದು ಮಾತು ಮಾತ್ರ ನೀನೇ ಹೇಳು. ಅದು ತಮಾಷೆ ಅಂತ. ಆರು ನಿಮಿಷವೂ ಬೇಕಾಗಲ್ಲ.

ವಿಶಾಲಾಕ್ಷಿ


ರೆಂಟನ್
ಸೆಪ್ಟೆಂಬರ್ 20, 2024

ಶ್ರೀಪತಿ,

ನೀನು ಮರೆತಿರಬಹುದು ಅಂತ ನಿನ್ನೆ ನಡೆದದ್ದನ್ನು ಬರೀತಿದ್ದೀನಿ. ನನಗೆ ಕಾಗದದಲ್ಲಿರಲಿ ಅನ್ನಿಸಿತು. ಇದು ನಿನ್ನಿಂದಲೇ ಕಲಿತದ್ದು.

ಮಧ್ಯಸ್ಥರು, ಆ ಬೆಳ್ಳಿಕೂದಲಿನ ಹೆಂಗಸು, ನನ್ನನ್ನು ಮೊದಲು ಕೇಳಿದರು. ನಾನು ವ್ಯಂಗ್ಯ ಅಂದೆ, ಗೇಲಿ ಅಂದೆ, ನನ್ನ ಇಂಗ್ಲಿಷೆಲ್ಲ ಖಾಲಿ ಮಾಡಿದೆ. ವಿವರಿಸಿದಷ್ಟೂ ಅದು ಸುಳ್ಳಿನ ಹಾಗೆ ಕೇಳಿಸಿತು. ಅವರು ತಾಳ್ಮೆಯಿಂದ ನಿನ್ನ ಕಡೆ ತಿರುಗಿದರು. "ನಿಮಗೆ ಈ ಭಾಷೆ ಬರುತ್ತಲ್ಲ. ಅನುವಾದ ಸರಿಯಾಗಿದೆಯೇ?"

ನೀನು ಕನ್ನಡಕ ತೆಗೆದು ಟೈಯಲ್ಲಿ ಒರೆಸಿಕೊಂಡೆ. ಉತ್ತರ ಗೊತ್ತಿಲ್ಲದ ಹುಡುಗನ ಹಾಗೆ. ಆಮೇಲೆ ಹಾಕಿಕೊಂಡು, "ಪದಗಳು ಸರಿಯಾಗಿವೆ" ಅಂದೆ.

ಸುಳ್ಳು ಅಂತ ಯಾರೂ ಹೇಳೋ ಹಾಗಿಲ್ಲ. ಪದಗಳು ಸರಿಯಾಗೇ ಇದ್ದವು.

ಕೊನೆಗೆ ಅವರಿಗೊಂದು ಅನುಮಾನ ಬಂತು. ಸಾವಿರದ ಒಂದರಲ್ಲಿ ಆ ಒಂದು ಯಾಕೆ, ಎಣಿಕೆ ತಪ್ಪೇ ಅಂತ. "ಅಲ್ಲ" ಅಂತ ನಾವಿಬ್ಬರೂ ಒಟ್ಟಿಗೇ ಅಂದೆವು. ನೀನು ಶುರು ಮಾಡಿದೆ, ನಾನು ಮುಗಿಸಿದೆ, ಮಾತಿನ ನಡುವೆ ನಿಮ್ಮಮ್ಮನೂ ಬಂದು ಹೋದರು. ಆ ಹೆಂಗಸು ಪೆನ್ನು ಕೆಳಗಿಟ್ಟು ಕೇಳಿಸಿಕೊಂಡರು. ಇಡೀ ದಿನದಲ್ಲಿ ನಾವಿಬ್ಬರೂ ಒಪ್ಪಿದ ಸಂಗತಿ ಒಂದೇ, ಆ ಒಂದು ಡಾಲರ್.

ಹೊರಗೆ ನೀನು ಲಿಫ್ಟಿನ ಬಾಗಿಲು ಹಿಡಿದುಕೊಂಡು ನಿಂತಿದ್ದೆ. ನಾನು ಮೆಟ್ಟಿಲಲ್ಲಿ ಇಳಿದೆ. ಒಂಬತ್ತು ಮಹಡಿ. ಮಂಡಿ ಇನ್ನೂ ನಿನ್ನ ಹೆಸರು ಹೇಳ್ತಿದೆ.

ವಿಶಾಲಾಕ್ಷಿ


ವುಡಿನ್‌ವಿಲ್
ನವೆಂಬರ್ 14, 2024

ವಿಶಾಲೂ,

ಮೊದಲು ಕ್ರಮಕ್ಕೆ ಬೇಕಾದ್ದು. ಮಧ್ಯಸ್ಥರ ತೀರ್ಪು ನಿನಗೂ ಬಂದಿರುತ್ತೆ. ಶನಿವಾರದ ಊಟಗಳು ವಜಾ. ಅದು ನ್ಯಾಯವೇ. ಉಳಿದ ಮೂವತ್ತು ಗಂಟೆಗೆ, ನೀನೇ ಪತ್ರದಲ್ಲಿ ಒಪ್ಪಿಕೊಂಡಿರುವ ಕಾರಣ, ಪೂರ್ತಿ ದರ. ಹನ್ನೆರಡು ಸಾವಿರ. ನೀನು ಕೊಟ್ಟದ್ದರಲ್ಲಿ ಸಾವಿರ ಜಮಾ. ಮೇಲಿನ ಒಂದು ಡಾಲರ್ ಉಡುಗೊರೆ, ಫೀಸಿನ ಭಾಗವಲ್ಲ ಅಂತ ಬರೆದಿದ್ದಾರೆ. ಬಾಕಿ ಹನ್ನೊಂದು ಸಾವಿರ. ತೀರ್ಪಿನ ಮೇಲೆ ತಕರಾರು ಎತ್ತಲು ಇದ್ದ ಇಪ್ಪತ್ತು ದಿನದ ಗಡುವು ನಿನ್ನೆ ಸಂಜೆಗೆ ಮುಗಿಯಿತು.

ಇನ್ನು ನನ್ನ ಮಾತು. ಅವತ್ತು ನಾನು ಹೇಳಬೇಕಿತ್ತು. ಅದು ಗೇಲಿ ಅಂತ ಮೊದಲ ಸಲ ಓದಿದಾಗಲೇ ಗೊತ್ತಿತ್ತು. ಓದಿ ನಾನೂ ನಕ್ಕಿದ್ದೆ, ರಂಜಿನಿ ಬಂದು ಏನು ಅಂತ ಕೇಳುವವರೆಗೆ. ಆ ಕೋಣೆಯಲ್ಲಿ ಬಾಯಿಯವರೆಗೂ ಬಂತು. ಆದರೆ ಹಾಗೆ ಹೇಳಿಬಿಟ್ಟರೆ ನನ್ನ ಹತ್ತಿರ ಬೇರೇನೂ ಇರಲಿಲ್ಲ. ಒಪ್ಪಂದದ ಕಾಗದವಿಲ್ಲ, ಸಹಿಯಿಲ್ಲ. ಇಪ್ಪತ್ತೈದು ವರ್ಷ ಇನ್ನೊಬ್ಬರಿಗೆ ಹೇಳಿದ ಬುದ್ಧಿಮಾತನ್ನು ನಾನೇ ಪಾಲಿಸಿರಲಿಲ್ಲ ಅಂತ ಅವರ ಮುಂದೆ ಬೆತ್ತಲಾಗಿ ನಿಲ್ಲಬೇಕಿತ್ತು. ಅನುವಾದ ಸರಿಯಿರಲಿಲ್ಲ, ವಿಶಾಲೂ. ಈಗ ಹೇಳ್ತಿದ್ದೀನಿ.

ಆ ನಾಣ್ಯವನ್ನು ಖರ್ಚು ಮಾಡಿಲ್ಲ. ಡ್ರಾಯರಿನಲ್ಲಿದೆ. ತೆಂಗಿನಕಾಯಿಗಳನ್ನು ಎಸೆದೆ, ಅದನ್ನು ಎಸೆಯೋಕಾಗಲಿಲ್ಲ. ಒಂದು ಶನಿವಾರ ಬರಲಾ? ಮುದ್ದೆಗೆ ಬಿಲ್ಲು ಹಾಕಲ್ಲ.

ನಿನ್ನ
ಶ್ರೀಪತಿ


ರೆಂಟನ್
ನವೆಂಬರ್ 18, 2024

ಶ್ರೀಪತಿ,

ಕಾಗದ ಬಂತು. ಎರಡು ಸಲ ಓದಿದೆ. ಮೊದಲ ಸಲ ಒಳಗಿನ ಮಾತು ಓದಿದೆ, ಕಣ್ಣು ಒದ್ದೆಯಾಯ್ತು, ಸುಳ್ಳು ಹೇಳಲ್ಲ. ಶನಿವಾರಕ್ಕೆ ಅಂತ ಅವರೆಕಾಳು ಎಲ್ಲಿದೆ ಅಂತ ನೋಡೋಕೂ ಎದ್ದೆ. ಎರಡನೇ ಸಲ ಮೇಲಿನ ತಾರೀಖು ಓದಿದೆ.

ಹದಿನಾಲ್ಕು. ಗಡುವು ಮುಗಿದದ್ದು ಹದಿಮೂರು.

ಈ ಕಾಗದವನ್ನು ನೀನು ಒಂದು ದಿನ ಮೊದಲು ಬರೆದಿದ್ದರೆ ಅದು ಸಾಕ್ಷಿ. ಒಂದು ದಿನ ತಡವಾಗಿ ಬರೆದದ್ದರಿಂದ ಬರೀ ಸ್ನೇಹ. ಬೇರೆ ಯಾರಾದರೂ ಆಗಿದ್ದರೆ ಆಕಸ್ಮಿಕ ಅಂದುಕೊಳ್ತಿದ್ದೆ. ಆದರೆ ಗಡುವು ಎಣಿಸೋದರಲ್ಲಿ ನೀನು ಈ ಸೀಮೆಗೇ ಮೊದಲ ಹತ್ತರಲ್ಲಿ ಒಬ್ಬ. ಫಲಕ ಇದೆ.

ರಂಜಿನಿಗೆ ಬೇರೆ ಬರೆದಿದ್ದೀನಿ. ಆ ನಲವತ್ತೊಂದು ದಿನಕ್ಕೆ ಬೆಲೆ ಕಟ್ಟಿದ್ದು ನನ್ನ ತಪ್ಪು ಅಂತ. ಅದರಲ್ಲಿ ಒಂದೂ ತಮಾಷೆಯಿಲ್ಲ, ಅವಳೇ ಓದಲಿ.

ನಿನ್ನ ಕಾಗದ ಬರೋ ಮೊದಲೇ ಚೆಕ್ಕು ಬರೆದು ಫ್ರಿಜ್ ಮೇಲೆ ಇಟ್ಟಿದ್ದೆ. ಹನ್ನೊಂದು ಸಾವಿರದ ಒಂದು ಅಂತ. ಬೇಕು ಅಂತ ಬರೆದದ್ದಲ್ಲ, ಕೈ ತಾನಾಗೇ ಬರೆದದ್ದು. ಬರೆದ ಮೇಲೆ ಇರಲಿ ಅಂತ ಬಿಟ್ಟಿದ್ದೆ. ಅಷ್ಟೆಲ್ಲ ಆದಮೇಲೂ.

ಅದನ್ನು ಇವತ್ತು ಬೆಳಿಗ್ಗೆ ಹರಿದು ಹಾಕಿ ಬೇರೆ ಬರೆದೆ. ಇದರ ಜೊತೆಗಿದೆ. ಹನ್ನೊಂದು ಸಾವಿರ, ಕೊನೆಯಲ್ಲಿ ಮೂರು ಸೊನ್ನೆ. ಇದಕ್ಕೆ ನಿನಗೆ ಅನುವಾದ ಬೇಕಾಗಲ್ಲ.

ವಿಶಾಲಾಕ್ಷಿ